ನ್ಯೂಜಿಲೆಂಡ್ ಗಿಡಗಳು

ಬಿಸಿಲಿಗೆ ಕಾದ ಹಳೆಯ ರಬ್ಬರ್ ಪೈಪಿಗೆ ಒಂದು ವಾಸನೆಯಿದೆ. ಸೈಕಲ್ ಶಾಪಿನ ವಾಸನೆಗೂ ಶಾಲೆಯ ರಬ್ಬರಿನ ವಾಸನೆಗೂ ನಡುವೆ ಎಲ್ಲೋ ನಿಲ್ಲುವಂಥದ್ದು. ಮೊನ್ನೆ ಕಾಫಿ ತುಂಬಲು ಚೀಲ ಸಾಲದೆ ಸ್ಟೋರಿನ ಅಟ್ಟ ಹತ್ತಿದ್ದೆ. ಗೋಣಿಯ ರಾಶಿಯೊಂದನ್ನು ಎಳೆದರೆ ಅದರ ಹಿಂದೆ ಸುರುಳಿ ಸುತ್ತಿಕೊಂಡು ಮಲಗಿದ್ದ ಏನೋ ಒಂದು ಜಾರಿ ನನ್ನ ಭುಜದ ಮೇಲೆ ಬಿತ್ತು. ನಾನು ಕೂಗಿದ ಕೂಗಿಗೆ ಕೆಳಗೆ ಕಾಫಿ ಕೆದರುತ್ತಿದ್ದ ಲಕ್ಕಮ್ಮ, "ಹಾವಿಗೇನೂ ಆಗ್ಲಿಲ್ಲ ತಾನೆ?" ಎಂದು ವಿಚಾರಿಸಿದಳು.

ಹಾವಲ್ಲ, ಪೈಪು. ಹೆಂಚಿನ ಕೆಳಗೆ ಕಾದು ಕಾದು ಮೆತ್ತಗಾಗಿತ್ತು. ಉದ್ದಕ್ಕೂ ಸಣ್ಣ ಸಣ್ಣ ತೂತುಗಳು. ಇಲಿ ಕಡಿದದ್ದಾದರೆ ಇಷ್ಟು ಶಿಸ್ತಾಗಿರುತ್ತಿರಲಿಲ್ಲ. ಒಲೆಯಲ್ಲಿ ಕಾಯಿಸಿದ ಮೊಳೆಯಿಂದ ನಾನೇ ಚುಚ್ಚಿದ್ದು. ಮೂಸಿ ನೋಡಿದೆ. ನೀವು ನಗಬಹುದು, ಆದರೆ ಆ ವಾಸನೆಯೊಳಗೆ ಒಂದು ಇಡೀ ಬೇಸಿಗೆ ರಜೆ ಮಡಚಿ ಕೂತಿತ್ತು. ಜನವರಿ ತಿಂಗಳಿನ ಬೇಸಿಗೆ ರಜೆ.

ಗೊಂದಲವಾಯಿತೇ? ನನಗೂ ಆಗಿತ್ತು. ಬನ್ನಿ, ಈ ಕಣದ ಕಟ್ಟೆಯ ಮೇಲೆ ಕೂರೋಣ. ಕಣವೆಂದರೆ ನಮ್ಮಲ್ಲಿ ಕಾಫಿ ಒಣಗಿಸುವ ಸಿಮೆಂಟಿನ ಅಂಗಳ. ಕೂರುವಾಗ ಹಣ್ಣು ತುಳಿಯಬೇಡಿ, ಅಪ್ಪ ನಿಮ್ಮನ್ನೂ ಬೈಯುತ್ತಾರೆ. ಅವರಿಗೆ ನೆಂಟರು, ಓದುಗರು ಎಂಬ ಭೇದವಿಲ್ಲ.

ಹೊಂಗಡಹಳ್ಳದ ಈ ಇಳಿಜಾರುಗಳಲ್ಲಿ ನೆಂಟರು ಬರುವುದಕ್ಕೊಂದು ಕಾಲವಿದೆ. ಕಾಫಿ ಕುಯ್ಲು ಮುಗಿದು, ಹೂಮಳೆ ಬಿದ್ದು, ಗಿಡಗಳೆಲ್ಲ ಬೆಳ್ಳಗೆ ಅರಳಿ ಉದುರಿ, ಮನೆಯವರು ಕಾಲು ಚಾಚಿ ಕೂತ ಮೇಲೆ ಏಪ್ರಿಲ್, ಮೇನಲ್ಲಿ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಮಕ್ಕಳಿಗೆ ರಜೆ, ಮರದಲ್ಲಿ ಹಲಸು, ಬೈಯಲು ಹಿರಿಯರಿಗೆ ಪುರುಸೊತ್ತು, ಎಲ್ಲ ಒಟ್ಟಿಗೆ ಕೂಡಿ ಬರುವ ಕಾಲ ಅದು. ಡಿಸೆಂಬರ್, ಜನವರಿಯಲ್ಲಿ ಮಾತ್ರ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಕುಯ್ಲಿನ ಹೊತ್ತಿನಲ್ಲಿ ಬಂದ ನೆಂಟನಿಗೆ ಕಾಫಿಯ ಜೊತೆಗೊಂದು ಬುಟ್ಟಿಯನ್ನೂ ಕೊಡುತ್ತಾರೆ.

ಅಂಥ ಡಿಸೆಂಬರಿನಲ್ಲೇ ಬರುತ್ತಿದ್ದವಳು ವನಜತ್ತೆ, ಅಪ್ಪನ ತಂಗಿ. ಮಾವ ದನದ ಡಾಕ್ಟರು. ನಮ್ಮ ಕಡೆಯ ದನಗಳಿಗೆ ಕಾಯಿಲೆ ಸಾಲದೆಯೋ ಏನೋ ನ್ಯೂಜಿಲೆಂಡಿಗೆ ಹೋಗಿ ಅಲ್ಲಿನ ಹಸುಗಳ ಸೇವೆಗೆ ನಿಂತಿದ್ದರು. ಭೂಮಿಯ ಆ ತಳಭಾಗದಲ್ಲಿ ಎಲ್ಲ ತಿರುಗುಮುರುಗು. ನಮಗೆ ಚಳಿಯಾದಾಗ ಅವರಿಗೆ ಬಿಸಿಲು. ಶಾಲೆಗೆ ದೊಡ್ಡ ರಜೆ ಸಿಗುವುದು ಕ್ರಿಸ್‌ಮಸ್ಸಿನ ಹೊತ್ತಿಗೆ. ಆದ್ದರಿಂದ ಮಗಳನ್ನು ಕರೆದುಕೊಂಡು ಮೂರ್ನಾಲ್ಕು ವರ್ಷಕ್ಕೊಮ್ಮೆ ಅತ್ತೆ ಬರುವುದಾದರೆ ಆಗಲೇ ಬರಬೇಕು, ಜನವರಿ ಮುಗಿಯುವುದರೊಳಗೆ ಹೊರಡಬೇಕು. ಬೇಸಿಗೆ ರಜೆಗೆಂದು ಹೊರಟು ಕಂಬಳಿಯೊಳಗೆ ಬಂದು ಇಳಿಯುವ ಏಕೈಕ ನೆಂಟರು ಅವರು.

ನಾನು ಹೇಳುತ್ತಿರುವುದು ತೊಂಬತ್ತರ ದಶಕದ ನಡುವಿನ ಮಾತು. ನನಗಾಗ ಹದಿನೈದೋ ಹದಿನಾರೋ. ಓದಿನಲ್ಲಿ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಮರುದಿನ ಅವರಿಗೇ ಒಪ್ಪಿಸುತ್ತಿದ್ದೆ. ಬಸ್ ಕಂಡಕ್ಟರು, ಮೂಗಿನಲ್ಲಿ ಮಾತಾಡುವ, ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಗಿಡದ ರೆಕ್ಕೆ, ಅಂದರೆ ಕೊಂಬೆ, ಎಳೆದು ಎಲೆ ಮಗುಚಿ "ಹ್ಞೂಂ" ಎಂದು ನಿಟ್ಟುಸಿರು ಬಿಡುವ ಅಪ್ಪ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದರು. ಊರಲ್ಲಿ ನನಗೆ 'ರೇಡಿಯೋ' ಎಂದೇ ಹೆಸರು. ಕೆಟ್ಟರೂ ಆಫಾಗದ ರೇಡಿಯೋ ಎಂದು ಅಜ್ಜಿ ತಿದ್ದುತ್ತಿದ್ದಳು.

ಅತ್ತೆಯ ಮಗಳು ಅನುಗೆ ಆಗ ಎಂಟೋ ಒಂಬತ್ತೋ. ಫಾರಿನ್ ಹುಡುಗಿ, ಕನ್ನಡ ಬರುವುದಿಲ್ಲ, ಹೊಸ ದನಿಯೊಂದು ಸಿಗುತ್ತದೆ ಎಂದು ನಾನು ಕಾದು ಕೂತಿದ್ದೆ. ಜೀಪಿನಿಂದ ಇಳಿದವಳೇ ಅವಳು ಸೊಂಟದ ಮೇಲೆ ಕೈಯಿಟ್ಟು, "ನಂಗೆ ಹೊಟ್ಟೆ ಹಸ್ದು ಹೋಗ್ಬುಟ್ಟೈತೆ ಕಣಜ್ಜಿ" ಎಂದಳು. ಅತ್ತೆ ಇಲ್ಲಿಂದ ಹೊರಟಾಗ ಒಯ್ದ ಮಾತನ್ನು ಉಪ್ಪಿನಕಾಯಿಯ ಹಾಗೆ ಜೋಪಾನ ಮಾಡಿ ಮಗಳಿಗೆ ಬಡಿಸಿದ್ದಳು. ಅಜ್ಜಿ ನಕ್ಕು ನಕ್ಕು ಕೆಮ್ಮಿದಳು. ಮೂರನೆಯ ದಿನಕ್ಕೆ ಅನು ನನ್ನನ್ನೇ ಅನುಕರಿಸತೊಡಗಿದಳು. ನಾನು ಮಾತಿಗೆ ಮುಂಚೆ ಮೂಗೆಳೆಯುತ್ತೇನೆಂದು ನನಗೆ ತಿಳಿದದ್ದೇ ಆಗ.

ಕುಯ್ಲಿನ ಮನೆಯಲ್ಲಿ ಅವಳ ಜೊತೆ ಆಡಲು ಯಾರಿಗೂ ಹೊತ್ತಿಲ್ಲ. ಅವಳಿಗೆ ಅದೇ ಅರ್ಥವಾಗದು. "ಎಲ್ರೂ ರಜದಲ್ಲಿ ಯಾಕೆ ಕೆಲ್ಸ ಮಾಡ್ತಾರೆ?" ಎಂದು ಕೇಳುತ್ತಿದ್ದಳು. ಸಂಜೆ ಬಚ್ಚಲೊಲೆಯ ಮುಂದೆ ನಾವೆಲ್ಲ ಕೂತಾಗ ಅವಳ ಊರಿನ ರಜೆಯ ಕಥೆ ಶುರುವಾಗುತ್ತಿತ್ತು. ನಮಗದು ಪುರಾಣಕ್ಕಿಂತ ಹೆಚ್ಚು. ಕ್ರಿಸ್‌ಮಸ್ಸೆಂದರೆ ಅಲ್ಲಿ ಸೆಖೆ. ಆದರೂ ಅಂಗಡಿಯ ಗಾಜಿಗೆ ಹಿಮ ಬಿದ್ದ ಹಾಗೆ ಹತ್ತಿ ಅಂಟಿಸುತ್ತಾರಂತೆ. ಕ್ರಿಸ್‌ಮಸ್ ತಾತ ಕೆಂಪು ಟೋಪಿ ಹಾಕಿ ಚಡ್ಡಿಯಲ್ಲಿ ಬರುತ್ತಾನಂತೆ. ಜನ ಕಡಲ ಪಕ್ಕ ಡೇರೆ ಹಾಕಿ ವಾರಗಟ್ಟಲೆ ಅಲ್ಲೇ ಇರುತ್ತಾರೆ, ಮೂಗಿಗೆ ಸುಣ್ಣದ ಹಾಗೆ ಏನೋ ಬಳಿದುಕೊಳ್ಳುತ್ತಾರೆ, ಮರಳಿನಲ್ಲಿ ಕ್ರಿಕೆಟ್ ಆಡುತ್ತಾರೆ, ಬಾಲು ನೀರಿಗೆ ಬಿದ್ದರೆ ಔಟು. ಸಂಜೆ ಪಾರ್ಕಿನ ಹುಲ್ಲಿನ ಮೇಲೆ ಚಾದರ ಹಾಸಿ, ಮೇಣದಬತ್ತಿ ಹಿಡಿದು ಊರಿಗೆ ಊರೇ ಹಾಡುತ್ತದೆ. ಅದೇ ಹೊತ್ತಿಗೆ ಸಮುದ್ರದ ದಂಡೆಯ ಮರಗಳು ಕೆಂಪಗೆ ಹೂ ಬಿಡುತ್ತವೆ. ಆ ಹೂ ಕಂಡರೆ ಸಾಕು, ಮಕ್ಕಳಿಗೆ ರಜೆ ಬಂತೆಂದು ಗೊತ್ತಾಗುತ್ತದೆ.

"ಆವತ್ತು ಅಡುಗೆ ಯಾರು ಮಾಡೋದು?" ಅಜ್ಜಿ ಕೇಳಿದಳು.

"ಗಂಡಸ್ರು. ಹೊರಗಡೆ ಕೆಂಡ ಹಾಕ್ಕಂಡು."

ಅಜ್ಜಿ ಒಲೆಗೆ ಇನ್ನೊಂದು ಸೌದೆ ನೂಕಿದಳು. "ಒಳ್ಳೆ ದೇವ್ರು ಅದು" ಎಂದಳು.

ಅಪ್ಪನನ್ನು ತಬ್ಬಿಬ್ಬುಗೊಳಿಸಿದ್ದು ಇನ್ನೊಂದು ಸಂಗತಿ. ಅಲ್ಲಿ ರಜೆಯಲ್ಲಿ ಮನೆಮಂದಿಯೆಲ್ಲ ಕಾರು ಹತ್ತಿ ಸ್ಟ್ರಾಬೆರಿ ತೋಟಗಳಿಗೆ ಹೋಗುತ್ತಾರೆ, ಬುಟ್ಟಿ ಹಿಡಿದು ತಾವೇ ಹಣ್ಣು ಕೀಳುತ್ತಾರೆ, ಅದೇ ಅವರಿಗೊಂದು ಮೋಜು.

"ತಡಿ ತಡಿ" ಎಂದರು ಅಪ್ಪ. "ಕುಯ್ಲಿಗೆ ಬಂದೋರಿಗೆ ತೋಟದೋನು ದುಡ್ಡು ಕೊಡ್ತಾನಾ, ಇಲ್ಲ ಅವ್ರೇ ತೋಟದೋನಿಗೆ ಕೊಡ್ತಾರಾ?"

"ಅವ್ರೇ ಕೊಡ್ತಾರೆ ಮಾವ."

ಆ ವರ್ಷ ನಮ್ಮಲ್ಲಿ ಆಳಿನ ಬರ. ಲಕ್ಕಮ್ಮನ ತಂಡವನ್ನು ಪಕ್ಕದ ಎಸ್ಟೇಟಿನವರು ಸೆಳೆಯದಂತೆ ಕಾಯುವುದೇ ಅಪ್ಪನ ದಿನಚರಿಯಾಗಿತ್ತು. ಅವರು ವನಜತ್ತೆಯ ಕಡೆ ತಿರುಗಿ, "ಮುಂದಿನ ಸಲ ಬರೋವಾಗ ಅಂಥೋರನ್ನ ಒಂದು ಜೀಪ್ ತುಂಬ ಕರ್ಕಂಡ್ ಬಾರಮ್ಮ. ಊಟ ನಮ್ದೇ" ಎಂದರು. ಈ ಸುದ್ದಿಯನ್ನು ನಾನು ಮರುದಿನ ಲಕ್ಕಮ್ಮನಿಗೆ ಮುಟ್ಟಿಸಿದೆ. ಅವಳು ಬುಟ್ಟಿ ಕೆಳಗಿಟ್ಟು, "ಹಂಗಾರೆ ನಾವು ಹೋಗಿ ಸಮುದ್ರದ ತಾವ ಕೂರ್ತೀವಿ, ಅವ್ರೇ ಬಂದು ಕುಯ್ಯಲಿ" ಎಂದು ತೀರ್ಪಿತ್ತಳು.

ಹೀಗೆ ನಗುತ್ತಿದ್ದ ಒಂದು ಸಂಜೆ, ಅಜ್ಜಿ ಮೇ ತಿಂಗಳಲ್ಲೇ ಮಾಡಿ ಮಗಳಿಗೆಂದು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ ಹಲಸಿನ ಹಪ್ಪಳ ಸುಟ್ಟುಕೊಟ್ಟಳು. ಉಪ್ಪುನೀರಿನ ಮಾವಿನಕಾಯಿ, ಒಣಗಿಸಿದ ಹಲಸಿನ ಬೀಜ, ಹೀಗೆ ಬೇಸಿಗೆಯನ್ನು ತುಂಡು ತುಂಡಾಗಿ ಎತ್ತಿಡುವುದು ಅವಳ ಕ್ರಮ. ಅತ್ತೆ ಹಪ್ಪಳ ಮುರಿಯುತ್ತಾ, "ಇದೆಲ್ಲ ಎತ್ತಿಟ್ಟೆ ಕಣವ್ವ. ಹೂವನ್ನ ಹೆಂಗೆ ಎತ್ತಿಡ್ತೀಯ?" ಎಂದಳು.

"ಯಾವ ಹೂವ?"

"ಕಾಫಿ ಹೂವ. ಅನು ಹುಟ್ಟೋಕ್ ಮುಂಚೆ ನೋಡಿದ್ದು. ಅಲ್ಲಿ ಯಾರಾದ್ರೂ ಕೇಳಿದ್ರೆ ಮಲ್ಲಿಗೆ ಥರ ವಾಸ್ನೆ ಅಂತೀನಿ. ಮಲ್ಲಿಗೆ ಥರ ಅಲ್ಲ ಅಂತ ಗೊತ್ತು. ಯಾವ ಥರ ಅಂತ ಈಗೀಗ ನಂಗೇ ಮರ್ತೋಗೈತೆ."

ಅವಳೇನೂ ಅಳುತ್ತಿರಲಿಲ್ಲ. ಬೀಗದಕೈ ಎಲ್ಲಿಟ್ಟೆ ಎಂದು ಯೋಚಿಸುವವರ ಮುಖವಿತ್ತು. ನನಗೆ ಬಾಲ್ಯದಿಂದ ಗೊತ್ತಿರುವ ವಾಸನೆಯನ್ನು ಮನಸ್ಸಿನಲ್ಲೇ ತೆಗೆದು ನೋಡಿಕೊಂಡೆ, ಇದೆಯೋ ಇಲ್ಲವೋ ಎಂದು. ಇತ್ತು. ಆದರೆ ಅದನ್ನು ಅವಳಿಗೆ ಕೊಡುವ ಬಗೆ ತಿಳಿಯಲಿಲ್ಲ. ದನಿಯನ್ನಾದರೆ ಅನುಕರಿಸಬಹುದು.

ಅಜ್ಜಿ ಮಗನ ಮುಖ ನೋಡಿದಳು. "ಕಣದ ಪಕ್ಕದ ಗಿಡಕ್ಕೆ ಒಂಚೂರು ನೀರು ಬಿಟ್ರೆ ಅರಳಲ್ವೇನೋ?"

"ಹೂವೇನು ಬಸ್ಸಾ, ಕೈ ಅಡ್ಡ ಹಾಕಿದ್ ಕಡೆ ನಿಲ್ಲಕ್ಕೆ?" ಎಂದರು ಅಪ್ಪ.

ಅಪ್ಪನ ಕಾಯಿದೆ ಹಾಗಿತ್ತು. ಶಿವರಾತ್ರಿಗೆ ಮುಂಚೆ ಕಾಫಿಗೆ ನೀರು ತೋರಿಸಬಾರದು. ಮಳೆ ನಿಂತ ಮೇಲೆ ಗಿಡ ತಿಂಗಳುಗಟ್ಟಲೆ ಬಾಯಾರಿ ಒಣಗಬೇಕು, ಆಗಲೇ ಗಣ್ಣಿನಲ್ಲಿ ಮೊಗ್ಗು ಬಲಿಯುವುದು. ಆಮೇಲೊಂದು ದಿನ ಮಳೆಯೋ ಸ್ಪ್ರಿಂಕ್ಲರಿನ ನೀರೋ ಬಿದ್ದರೆ, ವಾರ ಹತ್ತು ದಿನದೊಳಗೆ ತೋಟಕ್ಕೆ ತೋಟವೇ ಒಂದೇ ಬೆಳಗ್ಗೆ ಅರಳುತ್ತದೆ. ಆತುರಪಟ್ಟು ನೀರು ಕೊಟ್ಟವನಿಗೆ ಹೂವೂ ಇಲ್ಲ, ಫಸಲೂ ಇಲ್ಲ. ಸ್ಪ್ರಿಂಕ್ಲರಿನ ಹಿತ್ತಾಳೆಯ ಮೂತಿಗಳನ್ನು ಅವರು ಸ್ಟೋರಿನಲ್ಲಿಟ್ಟು ಬೀಗ ಹಾಕಿದ್ದು ಬರೀ ಕಳ್ಳರಿಗೆ ಹೆದರಿಯಲ್ಲ.

ಸಂಕ್ರಾಂತಿ ಬಂತು. ಆ ರಜೆಗೆ ಒಂದಿಷ್ಟು ಹೊಟ್ಟೆನೋವನ್ನೂ ಸೇರಿಸಿ ನಾನು ಉದ್ದ ಮಾಡಿಕೊಂಡಿದ್ದೆ. ಎಳ್ಳುಬೆಲ್ಲ ಹಂಚುವಾಗ ಅಜ್ಜಿ ಅನುಗೆ ಉತ್ತರಾಯಣ ಎಂದರೇನೆಂದು ವಿವರಿಸುತ್ತಿದ್ದಳು. ಇವತ್ತಿಂದ ಸೂರ್ಯ ನಮ್ಮ ಕಡೆ ಬರುತ್ತಾನೆ, ಒಳ್ಳೆಯ ಕಾಲ. ಅನು ಲೆಕ್ಕ ಹಾಕಿ, "ಹಂಗಾರೆ ನಮ್ಮ ಕಡೆಯಿಂದ ಹೋಗ್ತಾನೆ" ಎಂದಳು. ಅಜ್ಜಿ ಅದನ್ನು ಯೋಚಿಸಿರಲಿಲ್ಲ. ಎಳ್ಳಿನ ತಟ್ಟೆ ಹಿಡಿದು ನಿಂತವಳು ಕೊನೆಗೆ, "ಒಬ್ರ ಮನೆಗೆ ಬರ್ಬೇಕು ಅಂದ್ರೆ ಇನ್ನೊಬ್ರ ಮನೆಯಿಂದ ಹೋಗ್ಲೇಬೇಕಲ್ಲ ಮಗ" ಎಂದು ಒಳಗೆ ಹೋದಳು.

ಅಂದು ಮಧ್ಯಾಹ್ನ ಅನುಗೆ ತೀರಾ ಬೇಜಾರಾಗಿತ್ತು. ಸ್ಟೋರಿನ ಕಿಟಕಿಯಲ್ಲಿ ಇಣುಕಿ ಹಿತ್ತಾಳೆಯ ಮೂತಿಗಳನ್ನು ಕಂಡು, "ಇದು ನಮ್ಮನೇಲೂ ಐತೆ, ಪುಟ್ಟದು" ಎಂದಳು. ಅಲ್ಲಿ ಸಮುದ್ರಕ್ಕೆ ಹೋಗಲಾಗದ ದಿನ ಮಕ್ಕಳು ಹುಲ್ಲಿನ ಮೇಲೆ ಅದನ್ನು ತಿರುಗಲು ಬಿಟ್ಟು ಈಜುಬಟ್ಟೆಯಲ್ಲಿ ಅದರಡಿ ಓಡುತ್ತಾರಂತೆ. ಇಡೀ ಊರಿನ ಮಕ್ಕಳು, ಕತ್ತಲಾಗುವವರೆಗೆ. ಅದನ್ನು ಹೇಳುವಾಗ ಅವಳ ಮುಖದಲ್ಲಿ ನನಗೆ ವನಜತ್ತೆಯ ಆ ಹಪ್ಪಳದ ಸಂಜೆಯ ಮುಖವೇ ಕಂಡಿತು. ಓಹೋ, ಇವಳೂ ಏನನ್ನೋ ಬಿಟ್ಟುಬಂದಿದ್ದಾಳೆ ಎಂದು ಹೊಳೆಯಿತು. ನಮ್ಮ ಕಡೆಯ ರಜೆಯನ್ನು ಅಮ್ಮ ಕಳೆದುಕೊಂಡಿದ್ದರೆ, ಅಮ್ಮನಿಗಾಗಿ ತನ್ನ ಕಡೆಯ ರಜೆಯನ್ನು ಮಗಳು ಕಳೆದುಕೊಳ್ಳುತ್ತಿದ್ದಳು.

ಹಿತ್ತಾಳೆಗೆ ಕೈ ಹಚ್ಚುವಷ್ಟು ಧೈರ್ಯ ನನಗಿರಲಿಲ್ಲ. ಕಣ ತೊಳೆಯುವ ಹಳೆಯ ಪೈಪಿತ್ತು. ಗುಡ್ಡದ ಒರತೆಯ ನೀರು ಹಗಲೂ ರಾತ್ರಿ ತಾನಾಗಿ ಅದಕ್ಕೆ ಬರುತ್ತಿತ್ತು. ಮೊಳೆ ಕಾಯಿಸಿದೆ, ಚುಚ್ಚಿದೆ, ಕಣದಾಚೆಯ ಸೀಬೆಮರದ ಕೊಂಬೆಗಳಿಗೆ ಪೈಪನ್ನು ತೋರಣದ ಹಾಗೆ ಕಟ್ಟಿದೆ. ನೀರು ಬಿಟ್ಟರೆ ಆಹಾ, ಸೀಬೆಯಡಿ ಸಣ್ಣದೊಂದು ಮಳೆ. ಅನು ಕೂಗುತ್ತಾ ಓಡಿದಳು. ನಾನೂ ಚಡ್ಡಿಯಲ್ಲಿ ಓಡಿದೆ. ಒರತೆಯ ನೀರು ಎಂಥ ತಣ್ಣಗಿತ್ತೆಂದರೆ, ಎರಡನೇ ಸುತ್ತಿಗೆ ನನ್ನ ಗಂಟಲಲ್ಲಿದ್ದ ಬಾಡಿಗೆದಾರರೆಲ್ಲ ಖಾಲಿ ಮಾಡಿ ಹೋದರು, ಬರೀ ಹಲ್ಲು ಕಟಕಟಿಸುವ ಸದ್ದು ಉಳಿಯಿತು. ಕಂಬಳಿ ಹೊದ್ದು ಜಗಲಿಯಲ್ಲಿ ಕೂತಿದ್ದ ಅಜ್ಜಿ, "ಇದೇನ್ಲಾ ಖುಷಿ ಇವ್ರ ದೇಶದ್ದು, ಶಿಕ್ಷೆ ಇದ್ದಂಗೈತೆ" ಎಂದಳು. ಮರುದಿನವೂ ಆಡಿದೆವು.

ನಾವು ಮರೆತದ್ದು ಒಂದೇ. ಸೀಬೆಮರದ ಬೆನ್ನಿಗೇ ರೊಬಸ್ಟಾ ಕಾಫಿ ಗಿಡಗಳ ಸಾಲಿತ್ತು. ಕಣದ ಪಕ್ಕದವೆಂದು ಅವುಗಳ ಹಣ್ಣನ್ನು ಲಕ್ಕಮ್ಮ ಎಲ್ಲಕ್ಕಿಂತ ಮೊದಲೇ ಕುಯ್ದು ಮುಗಿಸಿದ್ದಳು. ಬರಿದಾದ ಗಿಡಗಳು ಬಾಯಾರಿ ನಿಂತಿದ್ದವು. ನಮ್ಮ ಮಳೆ ಅರ್ಧ ನಮ್ಮ ಮೇಲೆ, ಅರ್ಧ ಅವುಗಳ ಮೇಲೆ ಸುರಿಯುತ್ತಿತ್ತು.

ಎರಡನೆಯ ದಿನ ಅಪ್ಪ ಊಟಕ್ಕೆ ಬಂದವರು ಅಲ್ಲೇ ನಿಂತರು. ಮಣ್ಣು ಮುಟ್ಟಿ ನೋಡಿದರು. ರೆಕ್ಕೆ ಎಳೆದು, ಎಲೆ ಮಗುಚಿ, "ಹ್ಞೂಂ" ಎಂದರು. ನಾನು ಸೀಬೆಮರದ ಹಿಂದಿದ್ದೆ. ಆ "ಹ್ಞೂಂ" ಅನ್ನು ಊರೆಲ್ಲ ಮಾಡಿ ತೋರಿಸಿದವನಿಗೆ ಅದು ತನ್ನ ಕಡೆಗೇ ಬಂದಾಗ ನಗು ಬರಲಿಲ್ಲ.

"ಯಾವನ್ಲಾ ನೀರು ಬಿಟ್ಟೋನು?"

ಅನು ಮುಂದೆ ಬಂದು, ನಡುಗುತ್ತಲೇ, "ನಾವು ರಜ ಆಡ್ತಾ ಇದ್ವಿ ಮಾವ" ಎಂದಳು.

ಅಪ್ಪ ಗಿಡವನ್ನು ನೋಡಿದರು, ಹುಡುಗಿಯನ್ನು ನೋಡಿದರು, ಕಣದಾಚೆ ಅಜ್ಜಿಯ ಸೀರೆ ಒಣಹಾಕಿ ಒಳಗೆ ಹೋಗುತ್ತಿದ್ದ ತಂಗಿಯನ್ನು ನೋಡಿದರು. ಅವಳು ಹೊರಡುವುದಕ್ಕೆ ಇನ್ನೊಂದು ವಾರದ ಮೇಲೆ ಸ್ವಲ್ಪ ಉಳಿದಿತ್ತು. ಅವರ ತುಟಿ ಲೆಕ್ಕ ಹಾಕುತ್ತಿತ್ತು.

"ಇಷ್ಟಿಷ್ಟೇ ನೀರು ತೋರ್ಸಿದ್ರೆ ಮೊಗ್ಗು ಅರ್ಧಕ್ಕೇ ಸುಟ್ಟೋಗುತ್ತೆ" ಎಂದರು ಕೊನೆಗೆ. "ಆಡೋದಾದ್ರೆ ಸರಿಯಾಗಿ ಆಡಿ."

ಅನು, ನಾನು ಮುಖ ಮುಖ ನೋಡಿಕೊಂಡೆವು. ಅಪ್ಪ ಅಂಗಿ ಕಳಚಿ ಕಟ್ಟೆಯ ಮೇಲಿಟ್ಟು, ಖಾಕಿ ಚಡ್ಡಿಯಲ್ಲೇ ಸೀಬೆ ಹತ್ತಿ ಪೈಪನ್ನು ಬಿಚ್ಚಿ ಗಿಡಗಳ ಕಡೆ ಸರಿಸಿ ಕಟ್ಟಿದರು. ತಲೆಯ ಮೇಲೆ ನೀರು ಸುರಿಯುತ್ತಿತ್ತು. "ಈ ಕಡೆ ಓಡು, ಬುಡಕ್ಕೆ ಬೀಳ್ಲಿ. ಏಯ್ ರೇಡಿಯೋ, ಆ ತುದಿ ಎತ್ತಿ ಹಿಡಿ." ಅದು ಆಟವೋ ನೀರಾವರಿಯೋ ಹೇಳುವುದು ಕಷ್ಟ. ಲಕ್ಕಮ್ಮನ ತಂಡ ಬುಟ್ಟಿ ಹೊತ್ತು ಬಂದದ್ದು ಆಗಲೇ. "ಗೌಡ್ರಿಗೇನಾಯ್ತು?" ಎಂದು ಯಾರೋ ಪಿಸುಗುಟ್ಟಿದರು. "ಅವ್ರಿಗೂ ರಜ" ಎಂದಳು ಲಕ್ಕಮ್ಮ.

ಅತ್ತೆಗೆ ಏನೂ ಹೇಳಕೂಡದೆಂದು ಅಪ್ಪನ ಅಪ್ಪಣೆ. ಅರಳದಿದ್ದರೆ ಆಸೆ ತೋರಿಸಿ ಕಳಿಸಿದ ಹಾಗಾಗುತ್ತದೆ, ಚಳಿ ಬೇರೆ, ಮೊಗ್ಗು ಇನ್ನೂ ಎಳಸು, ನಂಬುವ ಹಾಗಿಲ್ಲ. ಮುಂದಿನ ದಿನಗಳಲ್ಲಿ ನಮ್ಮ ಮನೆಯವರು ಒಬ್ಬೊಬ್ಬರೇ ಸೀಬೆಮರದ ಹಿಂದೆ ಹೋಗಿ ಬರುವುದನ್ನು ನೋಡಿದವರು ಎಲ್ಲರಿಗೂ ಹೊಟ್ಟೆ ಕೆಟ್ಟಿದೆ ಎಂದುಕೊಳ್ಳಬೇಕಿತ್ತು. ಗಣ್ಣುಗಳಲ್ಲಿ ಹಸಿರು ಮೊಗ್ಗು ಉಬ್ಬಿತು, ಬಿಳಿಚಿತು. ಹೊರಡುವ ಹಿಂದಿನ ಸಂಜೆ ಸಣ್ಣ ಮೇಣದಬತ್ತಿಗಳ ಹಾಗೆ ನೆಟ್ಟಗೆ ನಿಂತಿತ್ತು, ತುದಿ ಬಿಗಿಯಾಗಿ ಮುಚ್ಚಿ. ಅಪ್ಪ "ಹ್ಞೂಂ" ಎನ್ನಲಿಲ್ಲ. ಅನು ಒಂದು ಮೊಗ್ಗಿಗೆ ಬಾಯಿಂದ ಬಿಸಿಗಾಳಿ ಊದಿದಳು.

ಬೆಳಗ್ಗೆ ಜೀಪು ಬರುವುದಿತ್ತು. ನಾನೆದ್ದಾಗ ಅತ್ತೆ ಆಗಲೇ ಹಲ್ಲುಜ್ಜಲು ಕಣಕ್ಕೆ ಹೋಗಿದ್ದಳು. ಕಿಟಕಿಯಿಂದ ನೋಡಿದೆ. ಕಣದ ನಡುವೆ, ಮುಚ್ಚಿಟ್ಟ ಕಾಫಿ ರಾಶಿಗಳ ಮಧ್ಯೆ, ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಅವಳು ನಿಂತುಬಿಟ್ಟಿದ್ದಳು. ಮುಖವನ್ನು ಆಕಡೆ ಈಕಡೆ ತಿರುಗಿಸುತ್ತಿದ್ದಳು, ಯಾರೋ ಕರೆದರು ಆದರೆ ಎಲ್ಲಿಂದ ಎಂದು ತಿಳಿಯದವರ ಹಾಗೆ. ಆಮೇಲೆ ನೊರೆಯನ್ನು ಉಗುಳಿ, ಸೀಬೆಮರ ದಾಟಿ ನಡೆದಳು.

ಸಾಲೆಲ್ಲ ಅರಳಿರಲಿಲ್ಲ. ಮೂಡಲ ಬಿಸಿಲು ಬೀಳುವ ತುದಿಯ ಎರಡೇ ಗಿಡ. ಅವೂ ಪೂರ್ತಿ ಅಲ್ಲ. ಆದರೆ ಅರಳಿದ ರೆಕ್ಕೆಗಳು ಬೆಳ್ಳಗೆ, ದಾರಕ್ಕೆ ಕಟ್ಟಿದ ಹಾಗೆ ಗಣ್ಣು ಗಣ್ಣಿಗೂ ಹೂ ತುಂಬಿ ಬಾಗಿದ್ದವು, ಒಂದೆರಡು ಜೇನುಹುಳ ಆಗಲೇ ಸುದ್ದಿ ತಿಳಿದು ಬಂದಿದ್ದವು. ಅತ್ತೆ ಹೂವಿಗೆ ಮುಖವಿಟ್ಟು ಬಹಳ ಹೊತ್ತು ನಿಂತಳು. ನಾವೆಲ್ಲ ಹಿಂದೆ ಸಾಲಾಗಿ ನಿಂತಿದ್ದೆವು, ಪರೀಕ್ಷೆಯ ಫಲಿತಾಂಶಕ್ಕೆ ನಿಂತವರ ಹಾಗೆ.

"ಯಾವ ಥರ ಐತಮ್ಮ?" ಅನು ಕೇಳಿದಳು.

ಅತ್ತೆ ತಿರುಗಿದಾಗ ಮೂಗಿನ ತುದಿಯಲ್ಲಿ ಹಳದಿ ಹುಡಿಯಿತ್ತು. "ಯಾವ ಥರಾನೂ ಇಲ್ಲ" ಎಂದಳು. "ಇದ್ರ ಥರಾನೇ ಐತೆ." ಅಣ್ಣನ ಕಡೆ ನೋಡಿ, "ಶಿವರಾತ್ರಿಗೆ ಮುಂಚೆ ನೀರು ಬಿಟ್ಟೆಯಾ?" ಎಂದಳು.

"ನಾನ್ಯಾಕ್ ಬಿಡ್ಲಿ. ಮಕ್ಳು ಆಡಿದ್ದು" ಎಂದು ಅಪ್ಪ ಜೀಪಿನ ಸದ್ದು ಕೇಳಿದವರಂತೆ ರಸ್ತೆಯ ಕಡೆ ಹೋದರು. ಜೀಪು ಬಂದದ್ದು ಎಷ್ಟೋ ಹೊತ್ತಾದ ಮೇಲೆ.

ಅವರು ಹೋದ ಮೇಲೊಂದು ದಿನ ಜಗಲಿಯಲ್ಲಿ ಕೂತು ಸುಮ್ಮನೆ ಅತ್ತೆಯ ದನಿಯಲ್ಲಿ "ಹೌದು ಕಣವ್ವ" ಎಂದೆ. ಒಳಗಿಂದ ಅಜ್ಜಿ, "ಏನವ್ವ?" ಎಂದಳು. ಆ ದನಿಯನ್ನು ಅಂದೇ ಮಡಚಿ ಎತ್ತಿಟ್ಟೆ.

ಆ ಗಿಡಗಳ ಹಣ್ಣು ದೀಪಾವಳಿಗೇ ಕೆಂಪಾಗಿ, ಕುಯ್ಯಲು ಇನ್ನೂ ಯಾರೂ ಇಲ್ಲದ ಹೊತ್ತಿನಲ್ಲಿ ಹಕ್ಕಿಗಳ ಪಾಲಾದವು. ಅಪ್ಪ ಬೇಸರಪಡಲಿಲ್ಲ. "ಅವು ನ್ಯೂಜಿಲೆಂಡ್ ಗಿಡ, ಬಿಡು" ಎಂದರು. ಹೆಸರು ಹಾಗೇ ಉಳಿಯಿತು. ಅತ್ತೆ ಬಂದ ಪ್ರತಿ ಸಲವೂ ಸಂಕ್ರಾಂತಿಯ ಹೊತ್ತಿಗೆ ಅಪ್ಪನೇ ಒಂದು ಹಿತ್ತಾಳೆಯ ಮೂತಿ ಹೊರತೆಗೆದು ಆ ಸಾಲಿಗೆ ಹಚ್ಚುತ್ತಿದ್ದರು. ನನ್ನ ತೂತಿನ ಪೈಪು ಅಟ್ಟ ಸೇರಿತು.

ಇಲ್ಲಿಗೆ ಬಂದೆವು ನೋಡಿ, ಮೊನ್ನೆಗೆ. ಪೈಪನ್ನು ಹೆಗಲಿಗೆ ಹಾಕಿ ಇಳಿದು ಬಂದೆ. ಇದೂ ಜನವರಿ. ಅಪ್ಪ ಕಟ್ಟೆಯ ಮೇಲೆ ಕೂತಿದ್ದರು.

"ಅದನ್ಯಾಕ್ ತಂದೆ? ಈ ಸಲ ನೀರು ಬ್ಯಾಡ ಕಣೋ" ಎಂದರು. "ಅವಳು ಮಾರ್ಚಿಗೆ ಬರ್ತಾಳೆ. ಅವೂ ಎಲ್ಲದ್ರ ಜೊತೆ ಅರಳ್ಲಿ."

ಹೌದು, ಕಳೆದ ವಾರ ಫೋನು ಬಂದಿತ್ತು. ಅನು ಈಗ ಕೆಲಸಕ್ಕೆ ಸೇರಿದ್ದಾಳೆ, ಶಾಲೆಯ ರಜೆಯ ಹಂಗಿಲ್ಲ. ಅತ್ತೆ ಮೊದಲ ಬಾರಿಗೆ ಹೂಮಳೆಯ ಹೊತ್ತಿಗೆ ಬರುತ್ತಾಳೆ. ಎರಡು ಗಿಡವಲ್ಲ, ಗುಡ್ಡಕ್ಕೆ ಗುಡ್ಡವೇ ನೋಡುತ್ತಾಳೆ. ನಾನು ಖುಷಿಪಡಬೇಕಿತ್ತು, ಪಟ್ಟೆ ಕೂಡ. ಆದರೂ ಪೈಪನ್ನು ಕೆಳಗಿಡಲು ಮನಸ್ಸಾಗದೆ ಸೀಬೆಮರದ ಹಿಂದೆ ಹೋದೆ. ಸಾಲಿನ ತುದಿಯ ಗಿಡದಲ್ಲಿ, ನೆಲಕ್ಕೆ ತಾಗುವಂತಿದ್ದ ಒಂದು ರೆಕ್ಕೆಯ ಒಂದೇ ಗಣ್ಣು ಬೆಳ್ಳಗೆ ಅರಳಿತ್ತು.

ಅಪ್ಪನನ್ನು ಕರೆದೆ. ಲಕ್ಕಮ್ಮನೂ ಬಂದಳು.

"ಕಣ ತೊಳ್ದ ನೀರು ಹರ್ದು ಬಂದೈತೆ, ಅಷ್ಟೆ" ಎಂದರು ಅಪ್ಪ.

"ಅಲ್ಲ ಗೌಡ್ರೆ, ಅಭ್ಯಾಸ" ಎಂದಳು ಲಕ್ಕಮ್ಮ. "ಸಂಕ್ರಾಂತಿ ಆಯ್ತು, ಅಮ್ಮೋರು ಬಂದಿರ್ಬೇಕು ಅನ್ಕಂಡೈತೆ. ಯಾರಾದ್ರೂ ಅದಕ್ಕೊಂದು ಮಾತು ಹೇಳ್ಬಾರ್ದಾ?"

ಅಪ್ಪ ನನ್ನ ಕಡೆ ನೋಡಿದರು. ಗದ್ದವನ್ನು ಸ್ವಲ್ಪ ಗಿಡದ ಕಡೆ ಆಡಿಸಿದರು. ಮೂಗೆಳೆದುಕೊಂಡೆ. ಇಷ್ಟು ವರ್ಷ ಎತ್ತಿಟ್ಟಿದ್ದ ದನಿಯನ್ನು ತೆಗೆದೆ. ಅದು ಕೆಟ್ಟಿರಲಿಲ್ಲ.

"ಇನ್ನೊಂಚೂರು ತಡ್ಕ ಕಣವ್ವ" ಎಂದೆ ಗಿಡಕ್ಕೆ. "ಮಾರ್ಚಿಗೆ ಬರ್ತೀನಿ."

ಜಗಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅಜ್ಜಿಗೆ ಈಗ ಕಣ್ಣು ಅಷ್ಟಕ್ಕಷ್ಟೆ, ಕಿವಿ ಮಾತ್ರ ಚುರುಕು. ಅಲ್ಲಿಂದಲೇ ದನಿ ಬಂತು. "ಬಾರವ್ವ, ಹೂವಿನ ಹೊತ್ತಿಗೇ ಬಾ."

ಹಿಂದೆಯೇ, "ಹಂಗೇ ಆ ರೇಡಿಯೋಗೆ ಹೇಳು, ಚೀಲ ತತ್ತೀನಿ ಅಂತ ಅಟ್ಟ ಹತ್ತಿದ್ದ, ಎಲ್ಲಿ ಅಂತ."